ಗೂಬೆ, ಮರಸೇಬು, ಜೇಡ: ವ್ಯಂಗ್ಯದ ಅಚ್ಚಿನಲ್ಲಿ ಕನಸು

ಹತ್ತೊಂಬತ್ತನೇ ಶತಮಾನದ ವ್ಯಂಗ್ಯ ಮುದ್ರಣಚಿತ್ರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಕಾಗದಗಳಲ್ಲಿ ಬಹುಪಾಲು ಕನಸು, ಪಿಶಾಚಿ, ಪ್ರಾಣಿಮುಖದ ಮನುಷ್ಯರ ಸುತ್ತಲೇ ಸುತ್ತುತ್ತಿದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಮೇಜಿನ ಮೇಲೆ ತಲೆಯಿಟ್ಟು ಮಲಗಿದವನ ಸುತ್ತ ಗೂಬೆಗಳು ಹಾರುವ ಗೋಯಾನ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರೂ ಹಂಚಿಕೊಳ್ಳುತ್ತಾರೆ. ವಿವೇಕ ಮಲಗಿದರೆ ರಾಕ್ಷಸರು ಹುಟ್ಟುತ್ತಾರೆ ಎಂಬ ನೀತಿಪಾಠ ಬಿಟ್ಟರೆ ಅದರಲ್ಲಿ ಇನ್ನೇನಿದೆ? (ಕುವೆಂಪುನಗರ, ಮೈಸೂರು)

ಆ ಒಂದು ಹಾಳೆಯನ್ನು ಕಟ್ಟಿನಿಂದ ಕಿತ್ತು ನೋಡಿದರೆ ನೀತಿಪಾಠವೇ ಕಾಣುತ್ತದೆ. ಕಟ್ಟಿನೊಳಗೆ ಅದರ ಜಾಗದಲ್ಲೇ ಇಟ್ಟು ನೋಡಿ. ಸ್ಪೇನಿನ ಚಿತ್ರಕಾರ ಗೋಯಾನ ‘ಲೋಸ್ ಕಾಪ್ರಿಚೋಸ್’ ಎಂಬ 80 ಚಿತ್ರಗಳ ಸರಣಿಯಲ್ಲಿ ಇದು 43ನೆಯದು. 37ರಿಂದ 42ರವರೆಗೆ ಬರೀ ಕತ್ತೆಗಳು: ಕತ್ತೆಮರಿಗೆ ಅಕ್ಷರ ಕಲಿಸುವ ಕತ್ತೆ ಮೇಷ್ಟ್ರು, ತನ್ನ ವಂಶಾವಳಿಯ ಪುಸ್ತಕ ತೆರೆದು ಕೂತ ಕತ್ತೆ, ರೋಗಿಯ ನಾಡಿ ಹಿಡಿದ ಕತ್ತೆ ವೈದ್ಯ, ಕೊನೆಗೆ ಕತ್ತೆಗಳನ್ನೇ ಬೆನ್ನ ಮೇಲೆ ಹೊತ್ತ ಇಬ್ಬರು ಬಡವರು. 44ರಿಂದ ಮಾಟಗಾತಿಯರು ಮತ್ತು ಕುಳ್ಳ ಪಿಶಾಚಿಗಳ ರಾಜ್ಯ ಶುರು. ಹಗಲಿನ ಮೂರ್ಖತನದಿಂದ ರಾತ್ರಿಯ ಭೂತಗಳ ಕಡೆಗೆ ದಾಟುವ ಹೊಸ್ತಿಲಲ್ಲಿ ಗೋಯಾ ಈ ನಿದ್ದೆಯವನನ್ನು ಕೂರಿಸಿದ್ದಾನೆ.

ಮೊದಲು ಇದನ್ನೇ ಇಡೀ ಸರಣಿಯ ಮುಖಪುಟ ಮಾಡಬೇಕೆಂದಿದ್ದ. 1797ರ ಕರಡು ಚಿತ್ರದಲ್ಲಿ ಸರಣಿಗೆ ಕನಸುಗಳೆಂದೇ ಹೆಸರು. ಹದಿನೇಳನೇ ಶತಮಾನದ ಸ್ಪೇನಿನ ಲೇಖಕ ಕೆವೇದೊ ಕನಸಿನ ನೆಪದಲ್ಲಿ ದೊಡ್ಡವರನ್ನೆಲ್ಲ ಗೇಲಿ ಮಾಡಿದ್ದ, ಆ ದಾರಿ ಓದುಗರಿಗೆ ಗೊತ್ತಿತ್ತು. ನಾನು ಹೇಳಿದ್ದಲ್ಲ, ನಿದ್ದೆಯಲ್ಲಿ ಕಂಡದ್ದು ಎನ್ನುವ ಸೌಕರ್ಯ ಅದು. ಕೊನೆಗೆ ಮೊದಲ ಪುಟಕ್ಕೆ ಬಂದದ್ದು ಎತ್ತರದ ಟೋಪಿ ಹಾಕಿ, ಓರೆಗಣ್ಣಲ್ಲಿ ನೋಡುವ ಗೋಯಾನದೇ ಮುಖ. ನಮ್ಮ ಪ್ರಕಾರ ಇದು ಜಾಣ ಬದಲಾವಣೆ. ಎಚ್ಚರವಿದ್ದವನೊಬ್ಬ ಬಾಗಿಲಲ್ಲಿ ನಿಂತಿದ್ದಾನೆ ಎಂದು ಗೊತ್ತಾದ ಮೇಲೆ ಒಳಗಿನ ಕನಸುಗಳನ್ನು ಯಾರೂ ಹಗುರವಾಗಿ ನೋಡುವುದಿಲ್ಲ.

ಚಿತ್ರ ಚಿಕ್ಕದು, ಸುಮಾರು 21 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲ. ಮೊಬೈಲಿನಲ್ಲಿ ಹಿಗ್ಗಿಸಿ ಎರಡು ಕಡೆ ನೋಡಿ. ಎಡಗಡೆಯ ಗೂಬೆ ಮಲಗಿದವನ ಕಡೆಗೆ ಚಿತ್ರ ಬರೆಯುವ ಸೀಮೆಸುಣ್ಣದ ಹಿಡಿಕೆಯನ್ನು ಚಾಚುತ್ತಿದೆ. ಬಲಗಡೆ ಕೆಳಮೂಲೆಯಲ್ಲಿ ಕಾಡುಬೆಕ್ಕಿನ ಜಾತಿಯ ಲಿಂಕ್ಸ್ ಕಣ್ಣರಳಿಸಿ ಕೂತಿದೆ. ಆ ಕಾಲದ ಟಿಪ್ಪಣಿಯೊಂದು ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹಾಲಯದಲ್ಲಿದೆ. ವಿವೇಕ ಕೈಬಿಟ್ಟ ಕಲ್ಪನೆ ಅಸಾಧ್ಯವಾದ ರಾಕ್ಷಸರನ್ನು ಹೆರುತ್ತದೆ, ವಿವೇಕದ ಜೊತೆಗೂಡಿದರೆ ಅದೇ ಕಲೆಗಳ ತಾಯಿ ಎನ್ನುವುದು ಅದರ ಸಾರ. ಮೊಬೈಲಿನಲ್ಲಿ ಓಡಾಡುವುದು ಮೊದಲ ಅರ್ಧ ಮಾತ್ರ.

1799ರ ಫೆಬ್ರವರಿ 6ರಂದು ಮ್ಯಾಡ್ರಿಡ್‌ನ ಪತ್ರಿಕೆಯಲ್ಲಿ ಮಾರಾಟದ ಜಾಹೀರಾತು ಬಂತು. ಶ್ರೀರಂಗಪಟ್ಟಣ ಬಿದ್ದದ್ದು ಅದೇ ವರ್ಷ ಮೇ 4ರಂದು. ಕಾಲ ನೆನಪಿಡಲು ಹೇಳುತ್ತಿದ್ದೇವೆ, ನಂಟು ಕಟ್ಟಲು ಅಲ್ಲ. 80 ಚಿತ್ರಗಳ ಕಟ್ಟಿಗೆ 320 ರಿಯಾಲ್, ಮಾರಿದ್ದು ಒಂದು ಸುಗಂಧದ್ರವ್ಯದ ಅಂಗಡಿಯಲ್ಲಿ. ಹೋದದ್ದು 27 ಕಟ್ಟು. 1803ರಲ್ಲಿ ಗೋಯಾ ತಾಮ್ರದ ಪ್ಲೇಟುಗಳನ್ನೂ ಉಳಿದ 240 ಕಟ್ಟುಗಳನ್ನೂ ದೊರೆಗೆ ಒಪ್ಪಿಸಿ, ಬದಲಿಗೆ ಮಗನಿಗೆ ವರ್ಷಾಶನ ಮಾಡಿಸಿಕೊಂಡ.

ಅಕ್ವಾಟಿಂಟ್ ಮಾಡಿದಾಗ ಕತ್ತಲೆ ಒಂದೇ ಸಮ ಬರುವುದಿಲ್ಲ. ನಡುವೆ ಬಿಳಿ ತೇಪೆ, ಕೆಲವು ಕಡೆ ಕಪ್ಪಿನ ಬದಲು ಬೂದು. ಗೋಯಾನ ರಾತ್ರಿಯಂಥ ಕಪ್ಪು ಹೇಗೆ ಬರುತ್ತದೆ? (ಚಿತ್ರಕಲಾ ವಿದ್ಯಾರ್ಥಿನಿ, ಮೈಸೂರು)

ತಾಮ್ರದ ಪ್ಲೇಟಿಗೆ ರಾಳದ ಪುಡಿ ಅಂಟಿಸಿ ಆಸಿಡ್‌ನಲ್ಲಿ ತಿನ್ನಿಸಿ, ಗೆರೆಯಿಲ್ಲದೆ ಕಪ್ಪು ಬರಿಸುವ ಮುದ್ರಣ ಕ್ರಮವೇ ಅಕ್ವಾಟಿಂಟ್; ಎಳೆದ ಗೆರೆಗಳನ್ನು ಆಸಿಡ್‌ನಲ್ಲಿ ತಿನ್ನಿಸುವುದು ಎಚ್ಚಿಂಗ್. ಆ ಕಪ್ಪು ಏಕೆ ಮುಖ್ಯ ಎನ್ನುವುದನ್ನು ಮೊದಲು ನೋಡೋಣ. ಗೆರೆ ಎಚ್ಚಿಂಗ್‌ನಲ್ಲಿ ಕತ್ತಲೆ ಬೇಕಾದರೆ ಗೆರೆಯ ಮೇಲೆ ಗೆರೆ ಎಳೆಯಬೇಕು. ಗೆರೆ ಕಂಡ ಕೂಡಲೇ ಕಣ್ಣು ಅದನ್ನು ಗೋಡೆ, ಬಟ್ಟೆ, ನೆಲ ಎಂದು ಓದುತ್ತದೆ. ಅಕ್ವಾಟಿಂಟ್ ಕಪ್ಪಿನಲ್ಲಿ ಗೆರೆಯಿಲ್ಲ, ಆದ್ದರಿಂದ ನೆಲವೂ ಇಲ್ಲ, ದೂರವೂ ಇಲ್ಲ. ಗೋಯಾನ ಕೊನೆಗಾಲದ ‘ದಿಸ್ಪರಾತೆಸ್’ ಸರಣಿಯಲ್ಲಿ ಹಕ್ಕಿರೆಕ್ಕೆ ಕಟ್ಟಿಕೊಂಡ ಗಂಡಸರು ಅಂಥ ಕಪ್ಪಿನಲ್ಲಿ ತೇಲುತ್ತಾರೆ. ಕನಸಿನ ಭಾವವನ್ನು ಅರ್ಧ ತಂದುಕೊಡುವುದು ಆ ಹಿನ್ನೆಲೆಯೇ. ತೇಪೆ ಬಿದ್ದರೆ ಅಲ್ಲೊಂದು ಗೋಡೆ ಎದ್ದ ಹಾಗೆ.

ಬಿಳಿ ತೇಪೆಗೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಪ್ಲೇಟಿನ ಮೇಲೆ ಉಳಿದ ಜಿಡ್ಡು, ಅದರಲ್ಲೂ ಬೆರಳ ಗುರುತು. ಚಾಕ್ ಪುಡಿಗೆ ಸ್ವಲ್ಪ ಅಮೋನಿಯಾ ಕಲಸಿ ಉಜ್ಜಿ, ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಹನಿಗಟ್ಟದೆ ಇಡೀ ಪ್ಲೇಟಿನ ಮೇಲೆ ಪದರವಾಗಿ ನಿಂತರೆ ಜಿಡ್ಡು ಹೋಗಿದೆ ಎಂದರ್ಥ. ಆಮೇಲೆ ಅಂಚನ್ನು ಮಾತ್ರ ಹಿಡಿಯಬೇಕು. ಎರಡು, ರಾಳವನ್ನು ಅತಿಯಾಗಿ ಕಾಯಿಸುವುದು. ರಾಳದ ಕಣಗಳು ಬಿಡಿಬಿಡಿಯಾಗಿ ತಾಮ್ರಕ್ಕೆ ಅಂಟಿ, ನಡುವಿನ ಸಂದಿಯಲ್ಲಿ ಆಸಿಡ್ ಇಳಿಯಬೇಕು. ಹೆಚ್ಚು ಕಾದರೆ ಕಣಗಳೆಲ್ಲ ಕೂಡಿ ಒಂದೇ ಪೊರೆಯಾಗುತ್ತವೆ, ಸಂದಿಯೇ ಉಳಿಯುವುದಿಲ್ಲ. ಉರಿಯನ್ನು ಪ್ಲೇಟಿನ ಅಡಿಯಲ್ಲಿ ಸದಾ ಸರಿಸುತ್ತಿರಿ. ಬೆಳ್ಳಗಿನ ಪುಡಿ ಪಾರದರ್ಶಕವಾಗಿ ಹೊಳೆದ ಕ್ಷಣವೇ ಆ ಜಾಗದಿಂದ ಉರಿ ತೆಗೆಯಿರಿ.

ಬೂದು ಬರುವ ಕಾರಣ ಇದಕ್ಕೆ ಉಲ್ಟಾ. ಪುಡಿ ತೆಳ್ಳಗೆ ಬಿದ್ದಿದ್ದರೆ ಸಂದಿಗಳು ಅಗಲವಾಗಿರುತ್ತವೆ. ಆಸಿಡ್ ಆ ಜಾಗವನ್ನೆಲ್ಲ ಸಪಾಟಾಗಿ ತಿನ್ನುತ್ತದೆ, ಒರೆಸುವಾಗ ಮಸಿ ಅಲ್ಲಿ ನಿಲ್ಲುವುದಿಲ್ಲ. ಹೆಚ್ಚು ಹೊತ್ತು ಬಿಟ್ಟರೂ ಹಾಗೆಯೇ. ಆಸಿಡ್ ಕಣಗಳ ಬುಡವನ್ನೇ ಕೊರೆದು ಉದುರಿಸುತ್ತದೆ. ಇನ್ನೂ ಕಪ್ಪಾಗಲಿ ಎಂದು ಕಾಯುತ್ತ ಕೂತವರಿಗೆ ಕಪ್ಪು ಕೈತಪ್ಪಿ ಬೂದು ಸಿಗುವುದು ಹೀಗೆ. ಭೂತಗನ್ನಡಿಯಲ್ಲಿ ನೋಡಿದಾಗ ಪುಡಿ ಪ್ಲೇಟಿನ ಅರ್ಧದಷ್ಟು ಜಾಗ ಮುಚ್ಚಿರಬೇಕು.

ಪೆಟ್ಟಿಗೆಯಲ್ಲಿ ಪುಡಿ ಎಬ್ಬಿಸುವುದಾದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ. ದಪ್ಪ ಕಣಗಳು ಮೊದಲು ಕೆಳಗಿಳಿಯಲಿ. ಆಮೇಲೆ ಪ್ಲೇಟ್ ಒಳಗಿಟ್ಟು ಸುಮಾರು 5 ನಿಮಿಷ ಬಿಡಿ. ಪೆಟ್ಟಿಗೆ ಇಲ್ಲದಿದ್ದರೆ ಎರಡು ಮೂರು ಪದರ ಮಸ್ಲಿನ್ ಬಟ್ಟೆಯಲ್ಲಿ ಪುಡಿ ಕಟ್ಟಿ ಒಂದಡಿ ಮೇಲಿನಿಂದ ತಟ್ಟಬಹುದು. ಕಣ ದಪ್ಪವಾಗುತ್ತದೆ, ಆದರೆ ರಾತ್ರಿಯ ಆಕಾಶಕ್ಕೆ ಆ ಒರಟುತನ ಒಪ್ಪುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಧೂಪಕ್ಕೆ ಕೊಡುವ ರಾಳ ಬೇರೆ ಮರದ್ದಿರಬಹುದು, ಕರಗುವ ಬಗೆಯೂ ಬೇರೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬೆಸುಗೆಗೆ ಮಾರುವ ರೋಸಿನ್ ತಂದು ಕುಟ್ಟಿ ಜರಡಿ ಹಿಡಿಯುವುದು ಮೇಲು. ತಾಮ್ರ ತಿನ್ನಿಸುವ ಫೆರಿಕ್ ಕ್ಲೋರೈಡ್ ಕೂಡ ಅಲ್ಲೇ ಸಿಗುತ್ತದೆ, ಸರ್ಕ್ಯೂಟ್ ಬೋರ್ಡಿಗೆಂದು ಮಾರುತ್ತಾರೆ. ಪುಡಿ ತಂದರೆ ಅದನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿ, ದ್ರಾವಣ ಚೆನ್ನಾಗಿ ಬಿಸಿಯಾಗುತ್ತದೆ. ಪುಡಿಯ ಮೇಲೆ ನೀರು ಸುರಿಯಬೇಡಿ.

ಪ್ಲೇಟಿನ ಹಿಂಬದಿಗೆ ಪಾರ್ಸೆಲ್ ಟೇಪ್ ಹಚ್ಚಿ. ಅದೇ ತಾಮ್ರದ ಚೂರೊಂದರ ಮೇಲೆ ಮೊದಲು ಪರೀಕ್ಷೆ ಮಾಡಿ: 10 ಸೆಕೆಂಡ್, 20, 40, ಆಮೇಲೆ 1 ನಿಮಿಷ 20 ಸೆಕೆಂಡ್, ಹೀಗೆ ದುಪ್ಪಟ್ಟು ಮಾಡುತ್ತ 20 ನಿಮಿಷದವರೆಗೆ ಹೋಗಿ; ಪ್ರತಿ ಹಂತದಲ್ಲೂ ಒಂದೊಂದು ಪಟ್ಟಿಗೆ ವಾರ್ನಿಷ್ ಬಳಿಯಿರಿ. ಅಚ್ಚು ತೆಗೆದು ನೋಡಿದರೆ ನಿಮ್ಮ ದ್ರಾವಣಕ್ಕೆ ಕಪ್ಪು ಯಾವ ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಎಲ್ಲಿಂದ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಈ ಪಟ್ಟಿ ಜನವರಿಯ ಬೆಳಿಗ್ಗೆ ಮಾಡಿದ್ದರೆ ಏಪ್ರಿಲ್ ಮಧ್ಯಾಹ್ನಕ್ಕೆ ಆಗದು, ಸೆಖೆಯಲ್ಲಿ ಆಸಿಡ್ ಬೇಗ ತಿನ್ನುತ್ತದೆ. ಫೆರಿಕ್‌ನಲ್ಲಿ ಗಸಿ ಗುಂಡಿಗಳಲ್ಲೇ ಕೂರುವುದರಿಂದ ಪ್ಲೇಟನ್ನು ಮುಖ ಕೆಳಗೆ ಮಾಡಿ ಅಥವಾ ನಿಲ್ಲಿಸಿ ಇಡಿ.

ಪ್ಲೇಟ್ ಸರಿಯಿದ್ದೂ ಅಚ್ಚು ಬೂದು ಬಂದರೆ ದೋಷ ಒರೆಸುವುದರಲ್ಲಿ ಅಥವಾ ಒತ್ತಡದಲ್ಲಿ ಇರುತ್ತದೆ. 250ರಿಂದ 300 ಜಿಎಸ್‌ಎಂ ಹತ್ತಿ ಕಾಗದವನ್ನು ಅರ್ಧ ಗಂಟೆ ನೆನೆಸಿ, ಮೇಲ್ಮೈಯ ನೀರಿನ ಹೊಳಪು ಹೋಗುವವರೆಗೆ ಒತ್ತಿ ತೆಗೆಯಿರಿ. ಒಣ ಕಾಗದ ಆ ಸಣ್ಣ ಗುಂಡಿಗಳೊಳಗೆ ಇಳಿಯುವುದೇ ಇಲ್ಲ.

ಗಾಳಿಯಲ್ಲಿ ಎದ್ದ ರಾಳದ ಪುಡಿ ಕಿಡಿ ತಗುಲಿದರೆ ಸ್ಫೋಟಿಸುತ್ತದೆ. ಪೆಟ್ಟಿಗೆ ಒಂದು ಕೋಣೆಯಲ್ಲಿ, ಉರಿ ಇನ್ನೊಂದರಲ್ಲಿ ಇರಲಿ. ಪುಡಿ ಶ್ವಾಸಕೋಶಕ್ಕೂ ಕೆಟ್ಟದ್ದು, ಎನ್-95 ಮಾಸ್ಕ್ ಇಲ್ಲದೆ ಪೆಟ್ಟಿಗೆ ತೆರೆಯಬೇಡಿ.

ವ್ಯಂಗ್ಯಚಿತ್ರಕಾರರು ಕನಸಿನ ಮೊರೆ ಹೋದದ್ದು ಕಾನೂನಿನಿಂದ ತಪ್ಪಿಸಿಕೊಳ್ಳಲೇ? ಅದು ಕೆಲಸ ಮಾಡಿತೇ? (ವಕೀಲರು, ಮಂಡ್ಯ)

ಕೆಲವು ಕಡೆ ಹೌದು. ಎರಡು ಪ್ರಕರಣ ಪಕ್ಕಪಕ್ಕ ಇಡೋಣ.

ಪ್ಯಾರಿಸ್‌ನಲ್ಲಿ ಷಾರ್ಲ್ ಫಿಲಿಪೋಂ ‘ಲಾ ಕ್ಯಾರಿಕೇಚ್ಯೂರ್’ ಎಂಬ ವಾರಪತ್ರಿಕೆಯನ್ನು 1830ರಲ್ಲಿ ಶುರು ಮಾಡಿದ. ದೊರೆ ಲೂಯಿ ಫಿಲಿಪ್‌ನ ಗಲ್ಲ ದಪ್ಪ, ನೆತ್ತಿ ಚೂಪು. 1831ರ ನವೆಂಬರ್‌ನಲ್ಲಿ ಮೊಕದ್ದಮೆ ನಡೆದಾಗ ಫಿಲಿಪೋಂ ನಾಲ್ಕು ಹೆಜ್ಜೆಯಲ್ಲಿ ದೊರೆಯ ಮುಖವನ್ನು ಮರಸೇಬು ಹಣ್ಣಾಗಿ ಬದಲಿಸಿ ತೋರಿಸಿ, ಇದರಲ್ಲಿ ಯಾವ ಹೆಜ್ಜೆ ಅಪರಾಧ ಎಂದು ಕೇಳಿದ. ಉತ್ತರವಾಗಿ ಸಿಕ್ಕಿದ್ದು ಆರು ತಿಂಗಳ ಸಜೆ, 2000 ಫ್ರಾಂಕ್ ದಂಡ. ಆದರೆ ಆಮೇಲೆ ಪ್ಯಾರಿಸ್‌ನ ಗೋಡೆಗಳ ಮೇಲೆಲ್ಲ ಮರಸೇಬು. ವ್ಯಂಗ್ಯಚಿತ್ರಕಾರ ದೋಮಿಯೆ ದೊರೆಯನ್ನು ಬಡವರ ಕಾಸು ನುಂಗುವ ದೈತ್ಯನಂತೆ ಬರೆದು 1832ರ ಫೆಬ್ರವರಿಯಲ್ಲಿ ಆರು ತಿಂಗಳ ಸಜೆಗೆ ಗುರಿಯಾದ. ಅದೇ ತಿಂಗಳು ಅವನ ‘ದುಃಸ್ವಪ್ನ’ ಎಂಬ ಕಲ್ಲಚ್ಚು (ಲಿಥೋಗ್ರಾಫ್) ಬಂತು. ಈ ದೊರೆಯನ್ನು ಗದ್ದುಗೆಗೆ ಏರಿಸಲು ನೆರವಾದ ಮುದುಕ ಲಫಾಯೆತ್ ಮಲಗಿದ್ದಾನೆ. ಎದೆಯ ಮೇಲೆ ದೊಡ್ಡ ಮರಸೇಬು ಕೂತಿದೆ.

ನೋಡಿದವರಿಗೆ ತಕ್ಷಣ ಅರ್ಥವಾಗಲು ಕಾರಣವಿತ್ತು. ಫ್ಯೂಸ್ಲಿ ಎಂಬ ಚಿತ್ರಕಾರ 1781ರಲ್ಲಿ ಬರೆದ ಚಿತ್ರದಲ್ಲಿ ಮಲಗಿದ ಹೆಣ್ಣಿನ ಎದೆಯ ಮೇಲೆ ಪಿಶಾಚಿ ಕುಕ್ಕರಗಾಲಲ್ಲಿ ಕೂತಿರುತ್ತದೆ. 1783ರಲ್ಲಿ ಅದರ ಅಚ್ಚು ಹೊರಬಂದು ಯುರೋಪಿನಲ್ಲೆಲ್ಲ ಹರಡಿತು. ಅಲ್ಲಿಂದ ಮುಂದೆ ಎದೆಯ ಮೇಲೆ ಏನನ್ನು ಕೂರಿಸಿದರೂ ಅದು ರಾಜಕೀಯದ ಮಾತಾಯಿತು. ಸಿದ್ಧವಿರುವ ಚೌಕಟ್ಟಿನಲ್ಲಿ ಒಂದೇ ಒಂದು ವಸ್ತು ಬದಲಿಸುವುದು ಈ ಕಸುಬಿನ ಅತ್ಯಂತ ಕಡಿಮೆ ಖರ್ಚಿನ ಉಪಾಯ.

1835ರ ಜುಲೈನಲ್ಲಿ ದೊರೆಯ ಕೊಲೆಯತ್ನ ನಡೆಯಿತು. ಸೆಪ್ಟೆಂಬರಿನಲ್ಲಿ ಬಂದ ಕಾನೂನು ಚಿತ್ರಗಳಿಗೆ ಮುಂಚಿತ ಅನುಮತಿ ಕಡ್ಡಾಯ ಮಾಡಿತು, ಬರಹಕ್ಕೆ ಮಾಡಲಿಲ್ಲ. ವಕೀಲರಾದ ನಿಮಗೆ ಆ ವ್ಯತ್ಯಾಸ ಸ್ವಾರಸ್ಯವೆನಿಸಬಹುದು: ಓದುಬರಹ ಬಾರದವನಿಗೂ ಮುಟ್ಟುವ ಮಾತಿಗೆ ಅವರು ಹೆಚ್ಚು ಹೆದರಿದರು.

ಈಗ ಜಪಾನ್. 1841ರಿಂದ 1843ರವರೆಗೆ ಅಲ್ಲಿ ಮಂತ್ರಿ ಮಿಜುನೊ ತದಕುನಿಯ ಸುಧಾರಣೆಗಳ ಕಾಲ. ನಾಟಕದವರ ಚಿತ್ರ ಅಚ್ಚು ಹಾಕುವುದಕ್ಕೂ ನಿಷೇಧ. 1843ರಲ್ಲಿ ಚಿತ್ರಕಾರ ಕುನಿಯೋಶಿ ಮೂರು ಹಾಳೆ ಅಗಲದ ಮರದಚ್ಚು ತಂದ. ಹಳೆಯ ದಂತಕಥೆಗಳ ವೀರ ರೈಕೊ ಕಾಯಿಲೆಬಿದ್ದು ಮಲಗಿದ್ದಾನೆ, ಹಿಂದೆ ದೊಡ್ಡ ಜೇಡ ಬಲೆ ಎಳೆಯುತ್ತಿದೆ, ಕಾವಲಿನ ಬಂಟರು ಪಗಡೆಯಂಥದೊಂದು ಆಟದಲ್ಲಿ ಮುಳುಗಿದ್ದಾರೆ, ಮೇಲೆ ಕತ್ತಲಲ್ಲಿ ನೂರೆಂಟು ಭೂತಗಳ ದಂಡು. ಹಳೆಯ ಕಥೆ, ಯಾರೂ ತಕರಾರು ಮಾಡುವಂತಿಲ್ಲ. ಆದರೆ ಒಬ್ಬ ಬಂಟನ ಬಟ್ಟೆಯ ಮೇಲೆ ಮಿಜುನೊ ಮನೆತನದ ಲಾಂಛನವಿತ್ತು. ಜನ ಉಳಿದುದನ್ನು ತಾವೇ ಓದಿಕೊಂಡರು: ಮಲಗಿದವನು ದೇಶ ಆಳುತ್ತಿದ್ದ ಸೇನಾಧಿಪತಿ ಶೋಗನ್, ಭೂತಗಳು ಕಸುಬು ಕಳಕೊಂಡವರು. ಗುಲ್ಲೆದ್ದಾಗ ಪ್ರಕಾಶಕ ಹೆದರಿ ಪ್ರತಿಗಳನ್ನು ಹಿಂದಕ್ಕೆ ಪಡೆದು ಅಚ್ಚಿನ ಹಲಗೆಗಳನ್ನು ನಾಶಮಾಡಿದ. ಕುನಿಯೋಶಿಗೆ ಶಿಕ್ಷೆಯಾಗಲಿಲ್ಲ.

ದೋಮಿಯೆಯ ದೈತ್ಯನಿಗೆ ದೊರೆಯದೇ ಮುಖವಿತ್ತು, ಕುನಿಯೋಶಿಯ ಕನಸಿನಲ್ಲಿ ಒಂದು ಪುಟ್ಟ ಲಾಂಛನ ಮಾತ್ರ. ಸುಳಿವು ಸಣ್ಣದಾದಷ್ಟೂ ಅದನ್ನು ಎತ್ತಿ ತೋರಿಸುವ ಮುಜುಗರ ಸರ್ಕಾರದ ಪಾಲಿಗೆ ಬರುತ್ತದೆ.

ಇಂಗ್ಲಿಷರು ಟಿಪ್ಪುವಿನ ಬಗ್ಗೆ ವ್ಯಂಗ್ಯಚಿತ್ರ ಮಾಡಿದ್ದರಂತೆ, ನಿಜವೇ? (ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ)

ನಿಜ. ಹೆಸರಾದದ್ದು ಜೇಮ್ಸ್ ಗಿಲ್‌ರೇ 1791ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೊರತಂದ, ಕೈಯಿಂದ ಬಣ್ಣ ತುಂಬಿದ ಎಚ್ಚಿಂಗ್. ಮುಂಗಾರು ಬಂತು, ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ ಎಂಬರ್ಥದ ತಲೆಬರಹ. ಅಪಹಾಸ್ಯಕ್ಕೆ ಗುರಿಯಾದವನು ಟಿಪ್ಪುವಲ್ಲ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಕತ್ತೆಯ ಮೇಲೆ ಕೂತು ಓಡುತ್ತಿದ್ದಾನೆ. ಕೋಟೆಯ ಮೇಲೆ ನಿಂತ ಟಿಪ್ಪು ಅವನ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ತಲೆಬರಹದ ಮುಂಗಾರು ಅದೇ! 1791ರ ಮೇ 15ರಂದು ಅರಕೆರೆಯ ಬಳಿ ಕಾದಾಟ ನಡೆದರೂ ಮಳೆ, ದನಗಳ ಸಾವು, ದವಸದ ಅಭಾವದಿಂದ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಹಿಂದಿರುಗಿದ್ದ. ಮೇ ತಿಂಗಳ ಸುದ್ದಿಗೆ ಡಿಸೆಂಬರಿನಲ್ಲಿ ಚಿತ್ರ. ಹಡಗಿನ ಕಾಲದಲ್ಲಿ ಅದು ತಡವೇನಲ್ಲ.

ಇದರಲ್ಲಿ ಕನಸಿಲ್ಲ, ಕೀಳು ಹಾಸ್ಯವಿದೆ. ಆದರೆ ನಮ್ಮ ಊರಿನ ಸುತ್ತ ಒಂದು ಭ್ರಮಾಚಿತ್ರ ಆಮೇಲೆ ಬೆಳೆಯಿತು: ಹುಲಿ. 1799ರ ಗೆಲುವಿಗೆ ಕೊಟ್ಟ ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. 1857ರ ಆಗಸ್ಟ್ 22ರ ಲಂಡನ್ನಿನ ಹಾಸ್ಯಪತ್ರಿಕೆ ‘ಪಂಚ್’ನಲ್ಲಿ ಚಿತ್ರಕಾರ ಟೆನಿಯಲ್ ಬರೆದದ್ದೂ ಅದೇ ಜೋಡಿ. ಹೆಣ್ಣು ಮತ್ತು ಮಗುವಿನ ಮೇಲೆ ನಿಂತ ಬಂಗಾಳದ ಹುಲಿಯ ಮೇಲೆ ಸಿಂಹ ನೆಗೆಯುತ್ತಿದೆ. ಟಿಪ್ಪು ತನ್ನ ಹೆಮ್ಮೆಗೆ ಇಟ್ಟುಕೊಂಡ ಪ್ರಾಣಿ ಅವರ ಅಚ್ಚಿನಲ್ಲಿ ದುಃಸ್ವಪ್ನದ ಪ್ರಾಣಿಯಾಯಿತು. ವ್ಯಂಗ್ಯ ಯಾವಾಗಲೂ ಬಡವನ ಪರ ಎಂದು ನಂಬುವವರು ಆ ಚಿತ್ರವನ್ನು ಒಮ್ಮೆ ನೋಡಬೇಕು.

ತಲೆನೋವಿಗೆ ಸಣ್ಣ ಪಿಶಾಚಿಗಳನ್ನು ಬರೆದ ಚಿತ್ರ ಒಂದನ್ನು ಕ್ಲಿನಿಕ್ಕಿನ ಕ್ಯಾಲೆಂಡರಿನಲ್ಲಿ ನೋಡಿದೆ. ಯಾರದು? (ಮದ್ದೂರು)

ನೀವು ಹೇಳುವುದು ಜಾರ್ಜ್ ಕ್ರೂಕ್‌ಶ್ಯಾಂಕ್ 1819ರಲ್ಲಿ ಮಾಡಿದ ‘ತಲೆನೋವು’ ಇರಬೇಕು. ಬೆಂಕಿಗೂಡಿನ ಪಕ್ಕ ಕೂತವನ ತಲೆಗೆ ಒಬ್ಬ ಬೈರಿಗೆ ಹಾಕಿ ಕೊರೆಯುತ್ತಾನೆ, ಒಬ್ಬ ಸುತ್ತಿಗೆಯಲ್ಲಿ ಬಡಿಯುತ್ತಾನೆ, ಇನ್ನೊಬ್ಬ ಕಿವಿಯಲ್ಲಿ ಹಾಡುತ್ತಾನೆ. ಪಿಶಾಚಿಗಳ ಕೈಯಲ್ಲಿರುವುದು ಬಡಗಿಯ ನಿಜವಾದ ಸಲಕರಣೆಗಳು, ಹಿಡಿದ ರೀತಿಯೂ ಸರಿಯಾಗಿದೆ. ನೋವು ನಂಬುವಂತಾಗುವುದು ಅದರಿಂದ. ಅವನದೇ 1823ರ ಇನ್ನೊಂದು ಚಿತ್ರದಲ್ಲಿ ಮಂಕು ಹಿಡಿದವನೊಬ್ಬನಿಗೆ ಒಂದು ಪಿಶಾಚಿ ಕ್ಷೌರದ ಕತ್ತಿ ನೀಡುತ್ತದೆ, ಮತ್ತೊಂದು ಕುಣಿಕೆ ಹಿಡಿದಿದೆ. ಅದನ್ನು ಕ್ಲಿನಿಕ್ಕಿನಲ್ಲಿ ಹಾಕದಿರುವುದೇ ಲೇಸು.

ಗ್ರಾಂವಿಲ್ ಹುಚ್ಚು ಹಿಡಿದು ಸತ್ತನಂತೆ. ಅವನ ಚಿತ್ರಗಳೂ ಹುಚ್ಚಿನವೇ? (ಸರಸ್ವತಿಪುರಂ, ಮೈಸೂರು)

ಚಿತ್ರಕಾರ ಗ್ರಾಂವಿಲ್ ಫ್ರಾನ್ಸಿನ ನಾನ್ಸಿಯಲ್ಲಿ 1803ರಲ್ಲಿ ಹುಟ್ಟಿ 1847ರಲ್ಲಿ ತೀರಿಕೊಂಡ. ಹೆಂಡತಿ ಮಕ್ಕಳನ್ನು ಕಳಕೊಂಡಿದ್ದ. ಹುಚ್ಚಿನ ಕಥೆ ಅವನ ಚಿತ್ರಗಳನ್ನು ಓದುವ ಶ್ರಮ ಉಳಿಸುತ್ತದೆ, ಅದಕ್ಕೇ ಅಷ್ಟು ಹಬ್ಬಿತು.

ಚಿತ್ರಗಳಲ್ಲಿರುವುದು ಕಟ್ಟುನಿಟ್ಟಾದ ಲೆಕ್ಕ. 1844ರ ‘ಇನ್ನೊಂದು ಲೋಕ’ ಎಂಬರ್ಥದ ಅವನ ಪುಸ್ತಕದಲ್ಲಿ ಗ್ರಹದಿಂದ ಗ್ರಹಕ್ಕೆ ಕಬ್ಬಿಣದ ಸೇತುವೆಯಿದೆ. ಶನಿಯ ಬಳೆ ಒಂದು ಬಾಲ್ಕನಿ, ಅಲ್ಲಿನವರು ಸಂಜೆ ಗಾಳಿ ಸೇವನೆಗೆ ಬರುತ್ತಾರೆ. ಇನ್ನೊಂದು ಕಡೆ ಉಗಿಯಂತ್ರಗಳೇ ಸಂಗೀತ ಕಛೇರಿ ನಡೆಸುತ್ತವೆ. ನಾಟಕಶಾಲೆಯಲ್ಲಿ ಸುಂದರಿಯೊಬ್ಬಳು ಕಾಣಿಸಿಕೊಂಡಾಗ ಪ್ರೇಕ್ಷಕರ ತಲೆಯ ಜಾಗದಲ್ಲಿ ಬರೀ ಕಣ್ಣುಗುಡ್ಡೆಗಳು. 1835ರ ಕಾನೂನಿನ ನಂತರ ದೊರೆಯನ್ನು ಮುಟ್ಟುವಂತಿರಲಿಲ್ಲ. ಯಂತ್ರದ ಹುಚ್ಚು, ನೋಡುವ ಚಟ, ಹೊಸ ಹಣವಂತರ ಠೀವಿ ಇವೆಲ್ಲ ಅವನ ಕೈಗೆ ಸಿಕ್ಕವು.

1847ರಲ್ಲಿ ಪ್ಯಾರಿಸ್‌ನ ಒಂದು ಮಾಸಿಕದಲ್ಲಿ ಅವನ ಎರಡು ಕನಸುಗಳು ಮರದಚ್ಚಿನಲ್ಲಿ ಬಂದವು. ಒಂದರಲ್ಲಿ ಕೊಲೆಗಾರನನ್ನು ಬೆನ್ನಟ್ಟುವ ಕಣ್ಣು ಕೊನೆಗೆ ಮೀನಾಗಿ ನೀರಲ್ಲೂ ಅಟ್ಟಿಸಿಕೊಂಡು ಬರುತ್ತದೆ. ಇನ್ನೊಂದರಲ್ಲಿ ಬಾಲಚಂದ್ರ ಅಣಬೆಯಾಗಿ, ಮುಂದೆ ಛತ್ರಿಯಾಗಿ ಬದಲಾಗುತ್ತ ಹೋಗುತ್ತದೆ. ಕಮಾನಿನಂಥ ಹೊರಗೆರೆಯನ್ನು ಉಳಿಸಿಕೊಂಡು ಪ್ರತಿ ಹೆಜ್ಜೆಗೂ ಒಳಗಿನ ಒಂದೇ ಅಂಶ ಬದಲಿಸಿದ್ದಾನೆ. ಚಿತ್ರ ಬರೆಯುವವರು ಇದನ್ನು ನಕಲು ಮಾಡಿ ಕಲಿಯಬಹುದು. ಹೊರಗೆರೆಯನ್ನೂ ಒಳಗಿನದನ್ನೂ ಒಟ್ಟಿಗೆ ಬದಲಿಸಿದರೆ ಕಣ್ಣಿಗೆ ಎರಡು ಬಿಡಿ ಚಿತ್ರ ಕಾಣುತ್ತದೆ, ಕನಸು ಹರಿಯುವುದಿಲ್ಲ.

ಆನ್‌ಲೈನಿನಲ್ಲಿ ‘ಅಸಲಿ ದೋಮಿಯೆ’, ‘ಅಸಲಿ ಗೋಯಾ’ ಎಂದು ಮಾರುತ್ತಾರೆ. ಕೊಳ್ಳಬಹುದೇ? (ವಿಜಯನಗರ, ಮೈಸೂರು)

ಹತ್ತು ಪಟ್ಟು ಹಿಗ್ಗಿಸುವ ಮಸೂರ ಇಟ್ಟುಕೊಳ್ಳಿ, ಬೇಕೆಂದ ಕಡೆಯ ಹತ್ತಿರದ ಫೋಟೋ ಕೇಳಿ. ಸಾಲುಗಟ್ಟಿದ ಸಮದೂರದ ಚುಕ್ಕೆಗಳು ಕಂಡರೆ ಅದು ಪುಸ್ತಕದ ಹಾಳೆ ಅಥವಾ ಪೋಸ್ಟರ್. ತಾಮ್ರದ ಪ್ಲೇಟಿನ ಅಚ್ಚಾದರೆ ಚಿತ್ರದ ಸುತ್ತ ಪ್ಲೇಟಿನ ಅಂಚು ಕಾಗದದಲ್ಲಿ ಒತ್ತಿದ ತಗ್ಗು ಇರುತ್ತದೆ, ಕಪ್ಪು ಗೆರೆ ಬೆರಳಿಗೆ ಸ್ವಲ್ಪ ಉಬ್ಬಾಗಿ ತಾಕುತ್ತದೆ. ಕಲ್ಲಚ್ಚಿನಲ್ಲಿ ಈ ತಗ್ಗು ಇರುವುದಿಲ್ಲ, ಅಲ್ಲಿ ಅದನ್ನು ಹುಡುಕಬೇಡಿ.

ದೋಮಿಯೆಯ ಹೆಚ್ಚಿನ ಕಲ್ಲಚ್ಚುಗಳು ‘ಲೆ ಶಾರಿವಾರಿ’ ಎಂಬ ದಿನಪತ್ರಿಕೆಯ ಪುಟಗಳು, ಹಿಂಬದಿಯಲ್ಲಿ ಸುದ್ದಿಯ ಅಕ್ಷರಗಳಿರುತ್ತವೆ. ಹಲವರು ಅದನ್ನು ದೋಷವೆಂದುಕೊಳ್ಳುತ್ತಾರೆ. ಅದು ಪತ್ರಿಕೆಯಿಂದಲೇ ಬಂದದ್ದು ಎನ್ನಲು ಒಳ್ಳೆಯ ಗುರುತು. ಹಿಂಬದಿ ಖಾಲಿಯಿರುವ ಬಿಳಿ ಕಾಗದದ ಪ್ರತಿಗಳು ಬೇರೆ, ಬೆಲೆಯೂ ಹೆಚ್ಚು. ‘ಪಂಚ್’ ಚಿತ್ರಗಳು ಹಳೆಯ ಸಂಪುಟಗಳಿಂದ ಕತ್ತರಿಸಿದವು, ಮರದಚ್ಚು, ಅಗ್ಗವಾಗಿರಬೇಕು. ಗೋಯಾನ ವಿಷಯದಲ್ಲಿ ಅಸಲಿ ಎಂಬ ಮಾತೇ ಜಾರುತ್ತದೆ. ಅವನು ಸತ್ತ ಮೇಲೂ ಅವೇ ಪ್ಲೇಟುಗಳಿಂದ 1937ರವರೆಗೆ ಅಚ್ಚು ತೆಗೆದಿದ್ದಾರೆ. ಅಕ್ವಾಟಿಂಟ್ ಬೇಗ ಸವೆಯುವುದರಿಂದ ಕೊನೆಯ ಮುದ್ರಣಗಳಲ್ಲಿ ರಾತ್ರಿ ಮುಂಜಾವಾಗಿರುತ್ತದೆ. ಯಾವ ಮುದ್ರಣ ಎಂದು ಬರವಣಿಗೆಯಲ್ಲಿ ಕೊಡದ ಮಾರಾಟಗಾರನ ಬಳಿ ಕೊಳ್ಳಬೇಡಿ.

ಕಬ್ಬಿನ ಬಾಕಿ ಹಣದ ಬಗ್ಗೆ ನಮ್ಮ ಯುವಕ ಸಂಘದಿಂದ ಇಂಥದೊಂದು ಕನಸಿನ ಅಚ್ಚು ಮಾಡಬೇಕು. ಪ್ರೆಸ್ಸಿಲ್ಲ, ಆಸಿಡ್ ಬೇಡ. ದಾರಿ ಹೇಳಿ. (ಪಾಂಡವಪುರ)

ಲಿನೋಲಿಯಂ (ನೆಲಕ್ಕೆ ಹಾಸುವ, ಉಳಿಯಲ್ಲಿ ಕೆತ್ತಲು ಬರುವ ಹಾಳೆ) ಸಾಕು. 3 ಮಿ.ಮೀ. ದಪ್ಪದ ಹಾಳೆ, ಎರಡು ಉಳಿ (ಒಂದು ವಿ ಆಕಾರದ್ದು, ಒಂದು ಅಗಲದ್ದು), ಒಂದು ರೋಲರ್, ಕಪ್ಪು ಮಸಿ, ಮರದ ಸೌಟು.

ಚಿತ್ರ ಯೋಚಿಸುವಾಗ ಮೊದಲು ಎಚ್ಚರದ ವಸ್ತುವನ್ನು ಸರಿಯಾಗಿ ಬರೆಯಿರಿ. ಗೇಟಿನ ಮುಂದೆ ಸಾಲುಗಟ್ಟಿದ ಟ್ರಾಕ್ಟರುಗಳು, ತೂಕದ ಸೇತುವೆ, ಲೋಡಿನ ಮೇಲೆ ಟವೆಲ್ ಮುಚ್ಚಿ ಮಲಗಿದ ರೈತ. ಟ್ರಾಲಿಯ ಕೊಂಡಿ, ಕಬ್ಬು ಕಟ್ಟಿದ ಹಗ್ಗದ ಗಂಟು ಇವು ಊರಿನವರು ನೋಡಿ ಸೈ ಎನ್ನುವಂತಿರಲಿ. ಆಮೇಲೆ ಒಂದನ್ನು ಮಾತ್ರ ಬದಲಿಸಿ: ತೂಕದ ಚೀಟಿ ನಾಲಿಗೆಯಂತೆ ಉದ್ದವಾಗಿ ಹೊರಬಂದು ಟ್ರಾಕ್ಟರುಗಳನ್ನು ಸುತ್ತಿ ಒಳಗೆಳೆಯುತ್ತಿದೆ, ಅಷ್ಟೇ. ಕಾರ್ಖಾನೆಗೆ ಹಲ್ಲು, ಚಿಮಣಿಗೆ ಕೊಂಬು, ಆಕಾಶಕ್ಕೆ ರಣಹದ್ದು ಎಲ್ಲ ತುಂಬಿದರೆ ದೃಷ್ಟಿಬೊಂಬೆಯಾಗುತ್ತದೆ.

ಲಿನೋದಲ್ಲಿ ಬೂದು ಇಲ್ಲ, ಕೆತ್ತದೆ ಬಿಟ್ಟದ್ದೆಲ್ಲ ಕಪ್ಪು. ಅದನ್ನೇ ರಾತ್ರಿ ಮಾಡಿಕೊಳ್ಳಿ. ಕಪ್ಪು ಗೆರೆ ಉಳಿಸಲು ಸುತ್ತ ಕೆತ್ತುವುದಕ್ಕಿಂತ, ಕಪ್ಪಿನೊಳಗೆ ಬಿಳಿ ಗೆರೆ ಎಳೆಯುವುದು ಸುಲಭ. ಒಂದು ಮಿಲಿಮೀಟರಿಗಿಂತ ತೆಳುವಾದ ಕಪ್ಪು ಗೆರೆ ಮುರಿಯುತ್ತದೆ, ಅಷ್ಟೇ ತೆಳುವಾದ ಬಿಳಿ ಗೆರೆಯಲ್ಲಿ ಮಸಿ ತುಂಬಿ ಮುಚ್ಚಿಹೋಗುತ್ತದೆ. ಕೆತ್ತುವ ಮುನ್ನ ಹಾಳೆಯನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿಡಿ, ಮೆತ್ತಗಾಗುತ್ತದೆ. ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ಉಳಿ ಜಾರತೊಡಗಿದರೆ ಬಲ ಹಾಕಬೇಡಿ, ಮಸೆಯಿರಿ.

ಗಾಜಿನ ಮೇಲೆ ಮಸಿ ತೆಳ್ಳಗೆ ಹರಡಿ. ರೋಲರ್ ಸಣ್ಣಗೆ ಸುಯ್ಗುಟ್ಟಬೇಕು, ಪಿಚಪಿಚ ಎಂದರೆ ಹೆಚ್ಚಾಯಿತು. 80ರಿಂದ 120 ಜಿಎಸ್‌ಎಂ ಕಾಗದ ಹಾಸಿ, ಒಂದು ಕೈಯಲ್ಲಿ ಅಲುಗದಂತೆ ಒತ್ತಿಹಿಡಿದು, ಸೌಟಿನ ಬೆನ್ನಲ್ಲಿ ನಡುವಿನಿಂದ ಅಂಚಿಗೆ ಉಜ್ಜಿ. ಮೊದಲ ಎರಡು ಮೂರು ಪ್ರತಿ ಮಾಸಲಾಗಿರುತ್ತವೆ, ಲಿನೋ ಮಸಿ ಕುಡಿಯುವವರೆಗೆ ಹಾಗೆಯೇ.

ಚೀಟಿಯ ಮೇಲೆ ಭ್ರಷ್ಟಾಚಾರ, ಅನ್ಯಾಯ ಎಂದೆಲ್ಲ ಬರೆಯಬೇಡಿ. ಬರೆಯಲೇಬೇಕೆನಿಸಿದರೆ ರೈತನ ಟೋಕನ್ ನಂಬರ್ ಬರೆಯಿರಿ, ಅಚ್ಚಿನಲ್ಲಿ ನೆಟ್ಟಗೆ ಬರಲು ಲಿನೋ ಮೇಲೆ ಅದನ್ನು ತಿರುಗುಮುರುಗಾಗಿ ಕೆತ್ತಬೇಕು. ಕನ್ನಡಿಯಲ್ಲಿ ಹಿಡಿದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಉಳಿ ಎತ್ತಿ.